ಮರ ಕಡೆಯುವ ಲೇತ್ 750 ಆರ್‌ಪಿಎಂಗೆ ಬಂದರೆ ಸ್ಟ್ಯಾಂಡೇ ಕುಣಿಯುತ್ತೆ, ಬೇರಿಂಗ್ ಬದಲಿಸಿದರೂ ಸದ್ದು ಹೋಗಿಲ್ಲ

ಪ್ರಶ್ನೆ (ಶಿವಮೊಗ್ಗದಿಂದ):

ನಮಸ್ಕಾರ ಸರ್. ಎಂಟು ತಿಂಗಳ ಹಿಂದೆ ಮರ ಕಡೆಯುವ ಹಳೇ ಲೇತ್ ಒಂದನ್ನು ಕೊಂಡೆ. ಸೆಂಟರ್‌ನಿಂದ ಸೆಂಟರ್‌ಗೆ ಮೂರು ಅಡಿ. ಅದರಲ್ಲಿದ್ದ ಸಿಂಗಲ್ ಫೇಸ್ ಮೋಟಾರ್ ತೆಗೆದು 1 ಎಚ್‌ಪಿ, 1440 ಆರ್‌ಪಿಎಂ ತ್ರೀ ಫೇಸ್ ಮೋಟಾರ್ ಕೂರಿಸಿದ್ದೇನೆ. ಮನೆ ಕರೆಂಟ್‌ನಲ್ಲೇ ಓಡುವ ವಿಎಫ್‌ಡಿ (ಮೋಟಾರ್ ಸ್ಪೀಡ್ ಏರಿಸಿ ಇಳಿಸುವ ಡ್ರೈವ್) ಹಾಕಿಸಿದ್ದೇನೆ. ಎರಡೂ ಕಡೆ ಮೂರಿಂಚಿನ ಪುಲ್ಲಿ, ಎ-36 ಬೆಲ್ಟ್. ಸ್ಟ್ಯಾಂಡ್ ನಾನೇ ಸ್ಕ್ವೇರ್ ಪೈಪ್‌ನಲ್ಲಿ ವೆಲ್ಡಿಂಗ್ ಮಾಡಿಸಿದ್ದು.

ತೊಂದರೆ ಏನೆಂದರೆ, ಆನ್ ಮಾಡಿದ ತಕ್ಷಣ ಸೊಳ್ಳೆ ಕಿವಿಯಲ್ಲಿ ಹಾಡಿದ ಹಾಗೆ ಕುಂಯ್ ಅನ್ನುತ್ತೆ. ಯಾವ ಸ್ಪೀಡ್‌ನಲ್ಲೂ ಟಪ್ ಟಪ್ ನಿಲ್ಲಲ್ಲ. 700ರಿಂದ 800ರ ನಡುವೆ ಇಡೀ ಸ್ಟ್ಯಾಂಡ್ ಕುಣಿಯುತ್ತೆ, ಆದರೆ 1000ಕ್ಕೆ ಹೋದರೆ ಕಡಿಮೆ! ಬೇರಿಂಗ್ ಹೋಗಿದೆ ಅಂತ ಯಾರೋ ಹೇಳಿದರು, ಎರಡೂ 6205 ಬದಲಿಸಿದೆ. ಈಗ ಗರಗರ ಅಂತ ಹೊಸ ಸದ್ದೊಂದು ಸೇರಿಕೊಂಡಿದೆ. ಕಡೆಯುತ್ತಿರುವುದು ಎಂಟಿಂಚಿನ ಹಲಸಿನ ಬಟ್ಟಲು. ಮೋಟಾರ್ ಬದಲಿಸಲೇ?

ಉತ್ತರ (ಲೇತ್ ಫಿಟ್ಟರ್, ಚನ್ನಪಟ್ಟಣ):

ಮೋಟಾರ್ ಮುಟ್ಟಬೇಡಿ. ನೀವು ಬರೆದಿರುವುದರಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆ ಇವೆ. ಎಲ್ಲವನ್ನೂ ಒಂದೇ ಅಂದುಕೊಂಡು ಬೇರಿಂಗ್‌ಗೆ ದುಡ್ಡು ಸುರಿದಿರಿ, ಅಷ್ಟೇ. ನನ್ನ ಹತ್ತಿರ ಬರುವವರಲ್ಲಿ ಅರ್ಧಕ್ಕರ್ಧ ಜನ ಹೀಗೆಯೇ ಹೊಸ ಬೇರಿಂಗ್ ಹಿಡಿದುಕೊಂಡೇ ಬರುತ್ತಾರೆ.

ಮೊದಲು ಸದ್ದು ಕರೆಂಟಿನದೋ ಕಬ್ಬಿಣದ್ದೋ ನೋಡಿಕೊಳ್ಳಿ. ಡ್ರೈವ್‌ನಲ್ಲಿ ನಿಲ್ಲಿಸುವ ವಿಧಾನ ಅಂತ ಒಂದು ಸೆಟ್ಟಿಂಗ್ ಇರುತ್ತೆ, ಅದನ್ನು ಕೋಸ್ಟ್‌ಗೆ ಇಡಿ. ಅಂದರೆ ಸ್ಟಾಪ್ ಒತ್ತಿದ ಕೂಡಲೇ ಮೋಟಾರ್‌ಗೆ ಕರೆಂಟ್ ಕಡಿದು, ಅದು ತನ್ನಷ್ಟಕ್ಕೆ ಸುತ್ತಿ ನಿಲ್ಲಬೇಕು. 1000ದಲ್ಲಿ ಓಡಿಸಿ ಸ್ಟಾಪ್ ಒತ್ತಿ. ಆ ಕ್ಷಣವೇ ಮಾಯವಾದ ಸದ್ದು ಕರೆಂಟಿನದು. ಸುತ್ತು ಇಳಿದ ಹಾಗೆ ತಾನೂ ಇಳಿಯುತ್ತಾ ಹೋಗುವ ಸದ್ದು ಬೆಲ್ಟು, ಪುಲ್ಲಿ, ಬೇರಿಂಗ್ ಕಡೆಯದು.

ನಿಮ್ಮ ಕುಂಯ್ ಆ ಕ್ಷಣವೇ ನಿಲ್ಲುತ್ತೆ, ಬರೆದಿಟ್ಟುಕೊಳ್ಳಿ. ವಿಎಫ್‌ಡಿ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ ಮೋಟಾರ್‌ಗೆ ಕೊಡುತ್ತೆ, ಆ ತಾಳಕ್ಕೆ ಮೋಟಾರ್ ಒಳಗಿನ ತಗಡು ಹಾಡುತ್ತೆ. ಈ ಕತ್ತರಿಸುವ ತಾಳ, ಅಂದರೆ ಕ್ಯಾರಿಯರ್ ಫ್ರೀಕ್ವೆನ್ಸಿ, 2 ಅಥವಾ 4 ಕಿಲೋಹರ್ಟ್ಸ್ ಇದ್ದರೆ ಕಿವಿಗೆ ಹೊಡೆಯುತ್ತೆ. 8 ಅಥವಾ 10ಕ್ಕೆ ಏರಿಸಿ ನೋಡಿ. ಡ್ರೈವ್ ಸ್ವಲ್ಪ ಜಾಸ್ತಿ ಬಿಸಿಯಾಗುತ್ತೆ, ಅದಕ್ಕೆ ಸುತ್ತ ಗಾಳಿಯಾಡಲು ಜಾಗ ಬಿಡಿ, ಮರದ ಹೊಟ್ಟು ಒಳಗೆ ಹೋಗದ ಹಾಗೆ ನೋಡಿಕೊಳ್ಳಿ. ಮುಚ್ಚಳ ಬಿಚ್ಚುವ ಹಾಗಿದ್ದರೆ ಮೇನ್ ಆಫ್ ಮಾಡಿ ಹತ್ತು ನಿಮಿಷ ಕಾಯಿರಿ. ಒಳಗಿನ ಕೆಪಾಸಿಟರ್‌ನಲ್ಲಿ ಉಳಿದ ಕರೆಂಟ್ ಆಳನ್ನೇ ಎತ್ತಿ ಒಗೆಯುತ್ತೆ.

ಟಪ್ ಟಪ್ ವಿಷಯಕ್ಕೆ ಗಡಿಯಾರ ಸಾಕು. ಮೂರಿಂಚಿನ ಪುಲ್ಲಿಯ ಸುತ್ತಳತೆ ಸುಮಾರು ಒಂಬತ್ತೂವರೆ ಇಂಚು, ನಿಮ್ಮ ಬೆಲ್ಟ್ ಮೂವತ್ತಾರರ ಮೇಲೆ. ಅಲ್ಲಿಗೆ ಸ್ಪಿಂಡಲ್ (ಮರವನ್ನು ಸುತ್ತಿಸುವ ಶಾಫ್ಟ್) ಸುಮಾರು ನಾಲ್ಕು ಸುತ್ತು ಸುತ್ತಿದರೆ ಬೆಲ್ಟ್ ಒಂದು ಸುತ್ತು. ಡ್ರೈವ್ 8 ಹರ್ಟ್ಸ್‌ಗೆ ಇಳಿಸಿ, ಸ್ಪಿಂಡಲ್ 240ರ ಹತ್ತಿರ ಬರುತ್ತೆ, ಸೆಕೆಂಡಿಗೆ ನಾಲ್ಕು ಸುತ್ತು. ಈಗ ಮುಳ್ಳು ನೋಡುತ್ತಾ ಕೇಳಿ. ಸೆಕೆಂಡಿಗೆ ಒಂದು ಟಪ್ ಬಂದರೆ ಬೆಲ್ಟ್. ಸೆಕೆಂಡಿಗೆ ನಾಲ್ಕು ಬಂದರೆ ಪುಲ್ಲಿ ಅಥವಾ ಸ್ಪಿಂಡಲ್, ಆಗ ಪುಲ್ಲಿಯನ್ನು ಶಾಫ್ಟ್‌ಗೆ ಹಿಡಿದಿಡುವ ಗ್ರಬ್ ಸ್ಕ್ರೂ, ಕೀ ಎರಡನ್ನೂ ನೋಡಬೇಕು.

ಸ್ಟ್ಯಾಂಡ್ ಕುಣಿಯುವ ಮಾತು ದೊಡ್ಡದು, ಅದಕ್ಕೆ ಮುಂಚೆ ಒಂದು ಕೇಳಬೇಕು. ಹೊಸ ಬೇರಿಂಗನ್ನು ಶಾಫ್ಟ್‌ಗೆ ಹೇಗೆ ಏರಿಸಿದಿರಿ?

ಪ್ರಶ್ನಿಸಿದವರು:

ಸರ್, ಕುಂಯ್ ನೀವು ಹೇಳಿದ ಹಾಗೇ ಟಕ್ಕನೆ ನಿಂತಿತು. ಕ್ಯಾರಿಯರ್ 8ಕ್ಕೆ ಇಟ್ಟೆ, ಈಗ ಮನೆಯವರೂ ಬೈಯುತ್ತಿಲ್ಲ. ಟಪ್ ಕೂಡ ಸೆಕೆಂಡಿಗೆ ಸರಿಯಾಗಿ ಒಂದು! ಬೇರಿಂಗನ್ನು ಹೊರಗಿನ ರಿಂಗ್ ಮೇಲೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ಏರಿಸಿದೆ.

ಉತ್ತರ:

ಸಿಕ್ಕಿತಲ್ಲ ಗರಗರ! ಶಾಫ್ಟ್‌ಗೆ ಬಿಗಿಯಾಗಿ ಕೂರುವುದು ಒಳಗಿನ ರಿಂಗ್. ಹೊಡೆದದ್ದು ಹೊರಗಿನ ರಿಂಗ್‌ಗೆ. ಅಂದರೆ ನೀವು ಕೊಟ್ಟ ಒಂದೊಂದು ಏಟೂ ಗುಂಡುಗಳ ಮೂಲಕವೇ ಒಳಗೆ ಹೋಗಿದೆ. ರಿಂಗಿನ ದಾರಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿ ಬಿದ್ದಿರುತ್ತವೆ. ಮೆಲ್ಲಗೆ ಹೊಡೆದರೂ ಅಷ್ಟೇ. ಬೆಲ್ಟ್ ಕಳಚಿ, ಸ್ಪಿಂಡಲನ್ನು ಎರಡು ಬೆರಳಲ್ಲಿ ನಿಧಾನ ತಿರುಗಿಸಿ. ನುಣ್ಣಗೆ ಜಾರುವ ಬದಲು ಅಲ್ಲಲ್ಲಿ ಕಟ್ ಕಟ್ ಅಂತ ತಡೆದ ಹಾಗೆ ಬೆರಳಿಗೆ ತಿಳಿದರೆ ಆ ಜೋಡಿ ಮುಗಿಯಿತು. ಬೆಲ್ಟ್ ಮತ್ತೆ ಹಾಕಿ ಲೇತ್ ಓಡುವಾಗ ಉದ್ದದ ಸ್ಕ್ರೂ ಡ್ರೈವರ್ ತುದಿಯನ್ನು ಬೇರಿಂಗ್ ಮನೆಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡರೆ ಯಾವುದು ಕೆಟ್ಟಿದೆ ಅಂತಲೂ ಗೊತ್ತಾಗುತ್ತೆ. ತಲೆಗೂದಲು, ಅಂಗಿ ತೋಳು ಹುಷಾರು.

ಮುಂದಿನ ಸಲ, ಒಳಗಿನ ರಿಂಗಿನಷ್ಟೇ ಅಗಲದ ಪೈಪ್ ತುಂಡು ಸಿಕ್ಕಿಸಿ ಒತ್ತಿ. 6205 ಅಂದರೆ ಒಳಗೆ 25 ಮಿಲಿಮೀಟರ್, ಹೊರಗೆ 52, ಅಗಲ 15. ಪೈಪಿನ ಒಳ ಅಳತೆ 25ಕ್ಕಿಂತ ಒಂದು ಚೂರು ದೊಡ್ಡದಿದ್ದರೆ ಸರಿ. ಬೇರಿಂಗ್ 80 ಡಿಗ್ರಿಯಷ್ಟು ಬಿಸಿ ಮಾಡಿಕೊಂಡರೆ ತಾನಾಗಿಯೇ ಜಾರಿ ಕೂರುತ್ತೆ. ರಬ್ಬರ್ ಸೀಲ್ ಇರುವುದನ್ನು ಎಣ್ಣೆಯಲ್ಲಿ ಕುದಿಸಬೇಡಿ, ಒಳಗಿನ ಗ್ರೀಸ್ ಹಾಳಾಗುತ್ತೆ.

ಬೆಲ್ಟ್ ಮಳೆಗಾಲದಲ್ಲಿ ಬಿಗಿಯಾಗಿಯೇ ನಿಂತಿತ್ತು ಅಂತ ಕಾಣುತ್ತೆ, ಪುಲ್ಲಿ ಮೇಲೆ ಮಡಚಿದ ಜಾಗ ಹಾಗೇ ಸೆಟೆದುಕೊಂಡಿದೆ. ಅರ್ಧ ಗಂಟೆ ಓಡಿಸಿ, ಬಿಸಿಗೆ ಆ ಸೆಟೆತ ಬಿಟ್ಟುಕೊಳ್ಳಲೂಬಹುದು. ಇಲ್ಲದಿದ್ದರೆ ಹೊಸದು. ಕೆಲಸ ಇಲ್ಲದ ತಿಂಗಳಲ್ಲಿ ಬೆಲ್ಟ್ ಸಡಿಲ ಮಾಡಿಡಿ.

ಈಗ ಕುಣಿತ. ನೀವೇ ಸುಳಿವು ಕೊಟ್ಟಿದ್ದೀರಿ: 1000ದಲ್ಲಿ ಕಡಿಮೆ. ಬರೀ ಬಟ್ಟಲಿನ ಒಂದು ಕಡೆ ತೂಕ ಜಾಸ್ತಿ ಅನ್ನುವುದೇ ಕಾರಣವಾಗಿದ್ದರೆ ಸ್ಪೀಡ್ ಏರಿದ ಹಾಗೆಲ್ಲ ಅದುರು ಏರಲೇಬೇಕಿತ್ತು. ಒಂದು ಜಾಗದಲ್ಲಿ ಹುಚ್ಚೆದ್ದು, ಮುಂದೆ ತಣ್ಣಗಾಗುತ್ತೆ ಅಂದರೆ ಸ್ಟ್ಯಾಂಡಿನ ಸ್ವಂತ ತಾಳ ಅಲ್ಲಿದೆ ಅಂತ ಅರ್ಥ. 750 ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಸಲ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಬೆರಳಲ್ಲಿ ತಳ್ಳಿದರೂ ಏರುತ್ತಲ್ಲ, ಅದೇ ಕತೆ.

ತಳ್ಳುವ ಬೆರಳು ಮಾತ್ರ ಬಟ್ಟಲಿನದೇ. ಒಂದು ಕೋಳಿಮೊಟ್ಟೆಯಷ್ಟು ತೂಕ, 50 ಗ್ರಾಂ ಇಟ್ಟುಕೊಳ್ಳಿ, ನಡುವಿನಿಂದ ನಾಲ್ಕಿಂಚು ದೂರದಲ್ಲಿ ಒಂದೇ ಕಡೆ ಜಾಸ್ತಿ ಇದ್ದರೆ 500 ಸುತ್ತಿಗೆ ಸ್ಪಿಂಡಲನ್ನು ಎಳೆಯುವುದು ಒಂದೂವರೆ ಕೆಜಿಯಷ್ಟು. 1000ಕ್ಕೆ ಐದೂವರೆ. 2000ಕ್ಕೆ ಇಪ್ಪತ್ತೆರಡು. ಹಲಸಿನಲ್ಲಿ ಒಂದು ಕಡೆ ಚೇಗು (ಗಟ್ಟಿ ತಿರುಳು), ಇನ್ನೊಂದು ಕಡೆ ಬಿಳಿಯ ಹಸಿ ಭಾಗ ಬಂದರೆ ಮೊಟ್ಟೆಯೇನು, ಹಿಡಿಕಲ್ಲಿನಷ್ಟೇ ವ್ಯತ್ಯಾಸ ಇರುತ್ತೆ. ತುಂಡನ್ನು ಮೊದಲು ಬ್ಯಾಂಡ್ ಸಾದಲ್ಲಿ ಆದಷ್ಟು ಗುಂಡಗೆ ಕತ್ತರಿಸಿ, 400ರಲ್ಲಿ ದುಂಡು ಬರಿಸಿ, ಆಮೇಲೆ ಮೇಲೆ ಹೋಗಿ. ಇಂಚಿನಲ್ಲಿ ಅಡ್ಡಳತೆಯನ್ನು ಸುತ್ತಿನಿಂದ ಗುಣಿಸಿದರೆ ಆರರಿಂದ ಒಂಬತ್ತು ಸಾವಿರದೊಳಗೆ ಬರಬೇಕು ಅನ್ನುವುದು ಕಡೆಯುವವರ ಲೆಕ್ಕ. ಎಂಟಿಂಚಿಗೆ 750ರಿಂದ 1100. ನಿಮ್ಮ ಸ್ಟ್ಯಾಂಡ್ ಕುಣಿಯುವುದು ಸರಿಯಾಗಿ ಕೆಲಸದ ಜಾಗದಲ್ಲೇ, ಅದಕ್ಕೇ ಇಷ್ಟು ಕಾಡುತ್ತಿದೆ.

ನಮ್ಮ ಊರಲ್ಲಿ ಈ ಗೋಳು ಕಡಿಮೆ. ಹಾಲೆ ಮರದ ಸಾಮಾನು ಸಣ್ಣವು, ಮೊಟ್ಟೆಯಷ್ಟು ವ್ಯತ್ಯಾಸ ಬರಲು ತುಂಡೇ ಅಷ್ಟಿರಲ್ಲ. ಆದರೆ ಸ್ವಲ್ಪ ಅದುರಿದರೂ ಮುಚ್ಚಿಡಲು ಆಗಲ್ಲ. ಅರಗು ಹಚ್ಚಿ ತಾಳೆಗರಿಯಲ್ಲಿ ಉಜ್ಜಿದ ಮೇಲೆ ಪ್ರತಿಯೊಂದು ಅಲೆಯೂ ಬಳೆ ತೊಡಿಸಿದ ಹಾಗೆ ಎದ್ದು ಕಾಣುತ್ತೆ.

ಇನ್ನೊಬ್ಬ ಸದಸ್ಯರು (ಮೈಸೂರು):

ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನನ್ನದು ಟ್ರೆಡ್‌ಮಿಲ್‌ನ ಡಿಸಿ ಮೋಟಾರ್. ಕಡಿಮೆ ಸ್ಪೀಡ್‌ನಲ್ಲಿ ಗುಂಯ್ ಅಂತ ಒಂದೇ ಸಮ ಅದುರುತ್ತೆ.

ಉತ್ತರ:

ಮೇಡಂ, ಹಳೇ ಮಾದರಿಯ ಎಸ್‌ಸಿಆರ್ ಕಂಟ್ರೋಲರ್ ಆದರೆ ಅದು ಸೆಕೆಂಡಿಗೆ ನೂರು ಸಲ ತುಂಡು ತುಂಡಾಗಿ ಕರೆಂಟ್ ಬಿಡುತ್ತೆ, ಆ ಗುಂಯ್ ಅದರದ್ದೇ. ಕಾರ್ಬನ್ ಬ್ರಷ್ ಸವೆದು ಕುಳ್ಳಗಾಗಿದೆಯಾ, ಸ್ಪ್ರಿಂಗ್ ಸರಿಯಾಗಿ ಒತ್ತುತ್ತಿದೆಯಾ ನೋಡಿ. ಮೋಟಾರ್ ತುದಿಯ ದಪ್ಪ ಫ್ಲೈವೀಲ್ ತೆಗೆಸಿಬಿಟ್ಟಿದ್ದರೆ ಮತ್ತೆ ಹಾಕಿಸಿ. ಅದು ಭಾರವಾಗಿದ್ದು ಈ ತುಂಡು ಕರೆಂಟಿನ ಜೋಲಿಯನ್ನು ಸಮ ಮಾಡಲಿಕ್ಕೇ.

ಪ್ರಶ್ನಿಸಿದವರು (ಹತ್ತು ದಿನದ ಮೇಲೆ):

ಬೇರಿಂಗ್ ಬದಲಾಯಿಸಿದೆ, ಪೈಪ್ ಇಟ್ಟೇ ಒತ್ತಿಸಿದೆ, ಗರಗರ ಹೋಯಿತು. ಸ್ಟ್ಯಾಂಡಿಗೆ ಎರಡು ಮರಳಿನ ಮೂಟೆ ಕಟ್ಟಿದೆ. ಆದರೆ ಕುಣಿತ ಹೋಗಿಲ್ಲ ಸರ್, 750 ಬಿಟ್ಟು ಈಗ 620ರ ಹತ್ತಿರ ಬರುತ್ತಿದೆ!

ಉತ್ತರ:

ಬರಲೇಬೇಕು. ಭಾರ ಹೆಚ್ಚಾದರೆ ತಾಳ ನಿಧಾನವಾಗುತ್ತೆ, ಬಿಗಿ ಹೆಚ್ಚಾದರೆ ಚುರುಕಾಗುತ್ತೆ. ಮರಳು ಭಾರ ಕೊಟ್ಟಿತು, ಬಿಗಿ ಕೊಡಲಿಲ್ಲ. ನಾಲ್ಕು ಕಾಲಿಗೂ ಮೂಲೆಯಿಂದ ಮೂಲೆಗೆ ಓರೆಪಟ್ಟಿ ವೆಲ್ಡ್ ಮಾಡಿಸಿ. ಹೆಡ್‌ಸ್ಟಾಕ್ (ಸ್ಪಿಂಡಲ್ ಕೂತಿರುವ ತಲೆಭಾಗ) ಕಡೆಯ ಎರಡು ಕಾಲಿಗೆ ಮೊದಲು, ಅಡ್ಡಕ್ಕೆ ಬೀಸುವುದು ಅಲ್ಲೇ. ಮರಳು ಹಾಗೇ ಇರಲಿ. ಕಾಲುಗಳಡಿ ಒಂದು ಹಾಳೆ ಕಾಗದ ನುಗ್ಗಿಸಿ ನೋಡಿ, ಯಾವ ಕಾಲಡಿ ಸರಾಗ ಹೋಗುತ್ತೋ ಅಲ್ಲಿ ತಗಡು ಕೊಟ್ಟು ನೆಲಕ್ಕೆ ಕೂರಿಸಿ.

ಡ್ರೈವ್‌ನಲ್ಲಿ ಒಂದು ಫ್ರೀಕ್ವೆನ್ಸಿಯನ್ನು ಹಾರಿಸಿಬಿಡುವ ಸೆಟ್ಟಿಂಗ್ ಇದ್ದರೆ ಆ ಜಾಗದಲ್ಲಿ ನಿಲ್ಲದ ಹಾಗೆ ಮಾಡಬಹುದು. ನನಗೆ ಅದು ಸೋರುವ ಸೂರಿನ ಕೆಳಗೆ ಪಾತ್ರೆ ಇಟ್ಟ ಹಾಗೆ. ಪಟ್ಟಿ ಹೊಡೆಸಿ.

ಇನ್ನೊಂದು, ಮೋಟಾರ್ ನೇಮ್‌ಪ್ಲೇಟ್ ನೋಡಿ. ಸ್ಟಾರ್, ಡೆಲ್ಟಾ ಅಂದರೆ ಮೋಟಾರ್ ವೈರ್ ಜೋಡಿಸುವ ಎರಡು ಬಗೆ. 415 ವೋಲ್ಟ್ ಸ್ಟಾರ್ ಅಂತ ಇದ್ದು ಹಾಗೇ 230ರ ಡ್ರೈವ್‌ಗೆ ಕೊಟ್ಟಿದ್ದರೆ ಅರ್ಧ ಸ್ಪೀಡ್ ದಾಟಿದ ಮೇಲೆ ಮೋಟಾರ್‌ಗೆ ಶಕ್ತಿ ಇರಲ್ಲ. ಪ್ಲೇಟ್ ಮೇಲೆ 230 ಡೆಲ್ಟಾ ಅಂತಲೂ ಇದ್ದರೆ ಎಲೆಕ್ಟ್ರಿಷಿಯನ್ ಹತ್ತಿರ ಟರ್ಮಿನಲ್ ಬಾಕ್ಸ್‌ನಲ್ಲಿ ಡೆಲ್ಟಾ ಕೊಡಿಸಿ.

ಪ್ರಶ್ನಿಸಿದವರು:

ಪಟ್ಟಿ ಹೊಡೆಸಿದೆ. 400ರಿಂದ 1100ರವರೆಗೆ ಎಲ್ಲೂ ಕುಣಿತ ಇಲ್ಲ ಸರ್. 900ದಲ್ಲಿ ಬೆಡ್ ಮೇಲೆ ಐದು ರೂಪಾಯಿ ನಾಣ್ಯ ನೆಟ್ಟಗೆ ನಿಂತಿದೆ, ಫೋಟೋ ಹಾಕಿದ್ದೇನೆ. ಬೇಗ ನಿಲ್ಲಲಿ ಅಂತ ಕೋಸ್ಟ್ ತೆಗೆದು ಒಂದು ಸೆಕೆಂಡಿನಲ್ಲಿ ನಿಲ್ಲುವ ಹಾಗೆ ಸೆಟ್ ಮಾಡಿಕೊಂಡೆ. ನಿಲ್ಲುವಾಗ ಮಾತ್ರ ಚಕ್ (ಬಟ್ಟಲನ್ನು ಕಚ್ಚಿ ಹಿಡಿಯುವ ಭಾಗ) ಹತ್ತಿರ ಟಕ್ ಅಂತ ಸಣ್ಣ ಸದ್ದು. ಅದೊಂದು ಬಿಟ್ಟರೆ ಎಲ್ಲ ಸರಿ.

ಉತ್ತರ:

ಅದನ್ನು ಓದಿ ನನಗೆ ಎದೆ ಧಸಕ್ ಅಂತು. ಈಗಲೇ ಲೇತ್ ಆಫ್ ಮಾಡಿ. ನಿಮ್ಮ ಚಕ್ ಸ್ಪಿಂಡಲಿನ ಮರೆ (ಥ್ರೆಡ್) ಮೇಲೆ ತಿರುಪಿ ಕೂತಿರುವುದು. ಸ್ಪಿಂಡಲ್ ಗಕ್ಕನೆ ನಿಂತರೂ ಬಟ್ಟಲು ಇನ್ನೂ ಸುತ್ತಲು ನೋಡುತ್ತೆ, ಆ ಜೋರಿಗೆ ಚಕ್ ಬಿಚ್ಚಿಕೊಳ್ಳುತ್ತೆ. ಆ ಟಕ್ ಅಂದರೆ ಚಕ್ ಸಡಿಲವಾದ ಸದ್ದು. ಇನ್ನೊಂದು ಸುತ್ತು ಬಿಚ್ಚಿದರೆ ಎಂಟಿಂಚಿನ ಹಲಸು ಚಕ್ ಸಮೇತ ನಿಮ್ಮ ಮುಖದ ಕಡೆಗೇ ಬರುತ್ತೆ. ನಿಲ್ಲುವ ಸಮಯ ಎಂಟು ಸೆಕೆಂಡಿಗೆ ಏರಿಸಿ. ಚಕ್ ಬಿಚ್ಚಿ ಮರೆಯಲ್ಲಿನ ಹೊಟ್ಟು ಒರೆಸಿ, ಹಿಂದಿನ ಅಂಚಿಗೆ ತಾಗುವ ತನಕ ಮತ್ತೆ ತಿರುಪಿ, ಸೈಡಿನ ಗ್ರಬ್ ಸ್ಕ್ರೂ ಇದ್ದರೆ ಬಿಗಿ ಮಾಡಿ. ಇಷ್ಟಾದ ಮೇಲೆ ಬಟ್ಟಲಿನ ಫೋಟೋ ಹಾಕಿ.