ಪಾರ್ಸೆಲ್‌ನಲ್ಲೇ ಮರಿ ಆದವಂತೆ!

"ಕಲಬುರಗಿ ಬಿಸಿಲಿನ ಪವಾಡ! ಪಾರ್ಸೆಲ್‌ನಲ್ಲಿ ಬಂದ ಗೌಜಲು ಮೊಟ್ಟೆಗಳು ದಾರಿಯಲ್ಲೇ ಒಡೆದು ಮರಿ ಆದವು. ಇನ್ನು ಕಾವು ಕೊಡುವ ಮಷೀನ್ ಯಾಕೆ ಬೇಕು? ಎಲ್ಲರಿಗೂ ಕಳಿಸಿ."

ಮೇ ತಿಂಗಳ ಭಾನುವಾರ, ಊಟ ಮುಗಿಸಿ ಎಲ್ಲರೂ ಫ್ಯಾನಿನ ಕೆಳಗೆ ಅಡ್ಡಾದ ಹೊತ್ತು. ನಮ್ಮ ಮನೆತನದ ಗುಂಪಿಗೆ ಇದನ್ನು ಹಾಕಿದವರು ಶಹಾಬಾದ್ ಮಾಮಾ. ಜೊತೆಗೊಂದು ವಿಡಿಯೋ. ರಟ್ಟಿನ ಡಬ್ಬಿ, ಒಳಗೆ ಹತ್ತಿ, ಚಿಂವ್ ಚಿಂವ್ ಅನ್ನುವ ಮರಿಗಳು. ಇದು ಹಲವು ಬಾರಿ ಫಾರ್ವರ್ಡ್ ಆದದ್ದು ಅಂತ ವಾಟ್ಸಾಪ್ ತಾನೇ ಮೇಲೆ ಬರೆದಿತ್ತು. ಮಾಮಾ ತಮ್ಮದೂ ಒಂದು ಸಾಲು ಸೇರಿಸಿದ್ದರು: "ಕೆಲವರು ಮಷೀನ್ ಕೊಂಡರೂ ಒಂದು ಮರಿ ಕಾಣಲಿಲ್ಲ." ಅದರ ಹಿಂದೆ ಬಿದ್ದು ಬಿದ್ದು ನಗುವ ಮುಖಗಳು.

ಆ 'ಕೆಲವರು' ಅಂದರೆ ಯಾದಗಿರಿಯಲ್ಲಿರುವ ನನ್ನ ಮೈದುನ. ಅದು ಎಲ್ಲರಿಗೂ ಗೊತ್ತು.

ಈ ಗುಂಪಿಗೆ ನಾನು ಅಡ್ಮಿನ್. ಯಾರಿಗೂ ಬೇಡವಾದ ಕೆಲಸ ಸೊಸೆಗೆ ಬರುತ್ತದೆ, ಅಲ್ವಾ. ಹಾಗಾಗಿ ನಾನು ವಿಡಿಯೋವನ್ನು ಕೊನೆಯವರೆಗೂ ನೋಡಿದೆ. ಬಹುಶಃ ನೋಡಿದವಳು ನಾನೊಬ್ಬಳೇ. ಕಲಬುರಗಿಯ ಬಿಸಿಲು ತೋರಿಸುತ್ತಿದ್ದ ಆ ಮನುಷ್ಯ ಸ್ವೆಟರ್ ಹಾಕಿಕೊಂಡಿದ್ದ.

ಮೊದಲ ಉತ್ತರ ಪುಣೆಯಿಂದ. ಅಲ್ಲಿರುವುದು ಸೇಡಂ ಕಾಕಾನ ಮಗ. ಹುಟ್ಟಿದ ದಿನವೇ ಡಾಕ್ಟರ್ ಹತ್ತಿರ ಸರ್ಟಿಫಿಕೇಟ್ ಕೇಳಿದವನು ಅಂತ ಅತ್ತೆ ಅವನನ್ನು ಆಡಿಕೊಳ್ಳುತ್ತಾರೆ.

"ಮಾಮಾ, ಸೋರ್ಸ್ ಏನ್ರೀ ಇದಕ್ಕೆ?"

"ಸೋರ್ಸ್ ಮೇಲಿದ್ದಾನಲ್ಲೋ, ಸೂರ್ಯ! ಹೊರಗೆ ಬಂದು ನೋಡು. ಇಲ್ಲಿ 43 ಡಿಗ್ರಿ. ನಿಮ್ಮ ಎಸಿ ಆಫೀಸಿನಲ್ಲಿ ಗೊತ್ತಾಗುವುದಿಲ್ಲ."

ಅಷ್ಟರಲ್ಲಿ ಸೇಡಂ ಕಾಕಾ ಬಂದರು. ಅವರು ಬಂದರೆ ಸಂದೇಶ ಉದ್ದ ಇರುತ್ತದೆ. ಬಾಯಿಲ್ಲದ ಜೀವವನ್ನು ಡಬ್ಬಿಯಲ್ಲಿ ತುಂಬಿ, ವಿಳಾಸ ಅಂಟಿಸಿ ಕಳಿಸುವ ಕಾಲ ಬಂತಲ್ಲ, ದುಡ್ಡಿನ ಮುಂದೆ ದಯೆ ಎಲ್ಲಿದೆ, ಇವತ್ತಿನ ಹುಡುಗರಿಗೆ ತಾಳ್ಮೆ ಎಲ್ಲಿದೆ ಅಂತ ಬರೆದು ಕೆಳಗೊಂದು ವಚನ ಹಾಕಿದರು. ಮೂವರು ಕೈ ಮುಗಿದರು. ಚಿಂಚೋಳಿ ದೊಡ್ಡಪ್ಪನ ಮಗ ಮಾತ್ರ ಸುಮ್ನೆ ಕೂರಲಿಲ್ಲ.

"ಕಾಕಾ, ಹುಮನಾಬಾದ್ ರೋಡಿನ ಢಾಬಾದಲ್ಲಿ ಬಟೇರ್ ಫ್ರೈ ಎರಡನೇ ಪ್ಲೇಟ್ ಹೇಳಿದ್ದು ಯಾರ್ರೀ?"

"ಅದು ಬೇರೆ ವಿಷಯ."

ಬಟೇರ್, ಲಾವಕ್ಕಿ ಅಂದರೂ ಗೌಜಲೇ. ಬಟೇರ್ ಅಂದದ್ದೇ ತಡ, ಚಿಂಚೋಳಿಯವನಿಗೆ ಅಜ್ಜ ನೆನಪಾದರು. ತೊಗರಿ ಹೊಲದ ಬದುವಿನಲ್ಲಿ ಅಜ್ಜ ಬಲೆ ಹಾಸುತ್ತಿದ್ದದ್ದು, ಲಾವಕ್ಕಿ ಬುರ್ ಅಂತ ಏಳುತ್ತಿದ್ದದ್ದು, ಚಕ್ಕಡಿಯಲ್ಲಿ ಕೂತು ಕಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದದ್ದು. ಹಳೆಯ ಬಾವಿಯ ಫೋಟೋ ಬಂತು. ಬಾವಿಯ ಪಕ್ಕ ನಿಂತ ಹುಡುಗ ಯಾರು ಅನ್ನುವುದರ ಮೇಲೆ ಬಹಳ ಹೊತ್ತು ಮಾತು ನಡೆಯಿತು. ಮೊಟ್ಟೆ ಎಲ್ಲರಿಗೂ ಮರೆತೇ ಹೋಗಿತ್ತು.

ಪುಣೆಯವನು ಬಿಡಬೇಕಲ್ಲ? "ಕಾಡು ಲಾವಕ್ಕಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಈಗ ಫಾರ್ಮಿನಲ್ಲಿ ಸಾಕುವುದು ಜಪಾನಿ ತಳಿ. 1974ರಲ್ಲಿ ಅಮೆರಿಕದಿಂದ ಉತ್ತರ ಪ್ರದೇಶದ ಇಜ್ಜತ್‌ನಗರಕ್ಕೆ ತಂದದ್ದು. ಎರಡನ್ನೂ ಸೇರಿಸಬೇಡಿ."

ಅವನು ಹೇಳಿದ್ದು ಸರಿ. ಆದರೆ ಅತ್ತೆಗೆ ಕಂಡದ್ದು 'ಅಪರಾಧ' ಒಂದೇ.

"ನಮ್ಮಪ್ಪನನ್ನು ಕಳ್ಳ ಅಂದವರು ಯಾರು?"

"ಅತ್ತೆ, ನಾನು ಹಾಗೆ ಅನ್ನಲಿಲ್ಲ..."

"ಪುಣೆಗೆ ಹೋದ ಮೇಲೆ ಜಾಸ್ತಿ ಕಲಿತಿದ್ದೀಯಪ್ಪ. ಅಪ್ಪ ಮಾರಿದ ಎತ್ತಿನ ದುಡ್ಡಿನಲ್ಲೇ ನಿಮ್ಮಪ್ಪ ಓದಿದ್ದು. ಅದಕ್ಕೂ ಸೋರ್ಸ್ ಕೊಡಲಾ?"

ಕಾಕಾ ಆನ್‌ಲೈನ್ ಇದ್ದರು. ಮಗನ ಪರವಾಗಿಯೂ ಬರೆಯಲಿಲ್ಲ, ಅಕ್ಕನ ಪರವಾಗಿಯೂ ಬರೆಯಲಿಲ್ಲ.

ಇದರ ನಡುವೆ ಬೀದರ್‌ನಿಂದ ನಾದಿನಿಯ ಮಗಳ ಸಂದೇಶ ಬಂತು. ಅಲ್ಲಿ ಪಶುವೈದ್ಯ ಓದುತ್ತಿದ್ದಾಳೆ. ಇಡೀ ಮಧ್ಯಾಹ್ನದಲ್ಲಿ ಓದಬೇಕಾದದ್ದು ಅದೊಂದೇ ಇತ್ತು. ಅದಕ್ಕೇ ಇಲ್ಲಿ ಪೂರ್ತಿ ಹಾಕುತ್ತೇನೆ.

"ಗೌಜಲು ಮೊಟ್ಟೆ ಮರಿ ಆಗಲು 17-18 ದಿನ ಬೇಕು. ಅಷ್ಟೂ ದಿನ ಹಗಲು ರಾತ್ರಿ ಸುಮಾರು 37.5 ಡಿಗ್ರಿ ಕಾವು ಒಂದೇ ಸಮ ಇರಬೇಕು, ತೇವ ಇರಬೇಕು, ದಿನಕ್ಕೆ ಕೆಲವು ಸಲ ಮೊಟ್ಟೆ ಹೊರಳಿಸಬೇಕು. ಮೂರು ನಾಲ್ಕು ದಿನದ ಪಾರ್ಸೆಲ್‌ನಲ್ಲಿ ತಾಜಾ ಮೊಟ್ಟೆ ಮರಿ ಆಗುವುದಿಲ್ಲ. ವಿಡಿಯೋದಲ್ಲಿ ಇರುವುದು ಹಳದಿ ಕೋಳಿಮರಿ ಥರ ಕಾಣುತ್ತದೆ. ಸಾಮಾನ್ಯ ಗೌಜಲು ಮರಿ ಹೆಬ್ಬೆರಳಷ್ಟೇ ಇರುತ್ತದೆ, ಕಂದು ಬಣ್ಣ, ಬೆನ್ನ ಮೇಲೆ ಪಟ್ಟೆ. ಬಿಸಿಲು ಮರಿ ಮಾಡುವುದಿಲ್ಲ, ಕೊಲ್ಲುತ್ತದೆ. 20 ಡಿಗ್ರಿಯ ಕೆಳಗೆ ಭ್ರೂಣ ಮಲಗಿರುತ್ತದೆ. 27 ದಾಟಿದರೆ ಅರ್ಧಂಬರ್ಧ ಬೆಳೆಯಲು ಶುರು ಮಾಡುತ್ತದೆ. ರಾತ್ರಿ ತಣ್ಣಗಾದರೆ ನಿಲ್ಲುತ್ತದೆ, ಮತ್ತೆ ಹಗಲು ಏಳುತ್ತದೆ. ಹೀಗೆ ಎದ್ದು ಬಿದ್ದು ಬಲ ಕಳೆದುಕೊಳ್ಳುತ್ತದೆ. 40 ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ ಇದ್ದರೆ ಅಷ್ಟೇ ಕಥೆ. ಒಂದು ಮೊಟ್ಟೆ 10-12 ಗ್ರಾಂ, ಕೋಳಿಮೊಟ್ಟೆಗಿಂತ ಬಹಳ ಬೇಗ ಕಾಯುತ್ತದೆ. ಯಾದಗಿರಿ ಮಾಮಾಜಿ, ಮತ್ತೆ ತರಿಸುವುದಾದರೆ ಚಳಿಗಾಲದಲ್ಲಿ ತರಿಸಿ. ಹಕ್ಕಿ ಮೊಟ್ಟೆ ಇಟ್ಟು ಒಂದು ವಾರ ದಾಟಿರಬಾರದು. ಬಂದ ಮೇಲೆ ಚೂಪು ತುದಿ ಕೆಳಗೆ ಮಾಡಿ ಅರ್ಧ ದಿನದಿಂದ ಒಂದು ದಿನ ತಂಪಿನಲ್ಲಿ ಬಿಡಿ. ಕುಲುಕಾಟಕ್ಕೆ ಒಳಗಿನ ಗಾಳಿಚೀಲ ಸಡಿಲ ಆಗಿರುತ್ತದೆ, ಅದು ಕೂರಬೇಕು. ಆಮೇಲೆ ಮಷೀನ್‌ಗೆ. ಇಷ್ಟೆಲ್ಲ ಮಾಡಿದರೂ ಪಾರ್ಸೆಲ್ ಮೊಟ್ಟೆಯಲ್ಲಿ ಅರ್ಧ ಮರಿ ಬಂದರೆ ಖುಷಿಪಡಬೇಕು. ಹತ್ತಿರದ ಫಾರ್ಮಿಗೆ ಹೋಗಿ ತರುವುದೇ ಒಳ್ಳೆಯದು."

ಇದಕ್ಕೆ ಬಂದ ಉತ್ತರ ಅತ್ತೆಯದು: "ಶಾಣ್ಯಾ ಹುಡುಗಿ. ಪರೀಕ್ಷೆ ಯಾವಾಗ ಮುಗಿಯುತ್ತದೆ? ಒಂದು ಒಳ್ಳೆಯ ಕಡೆ ಹುಡುಗ ಇದ್ದಾನೆ."

ಆದರೆ ಯಾದಗಿರಿಯಲ್ಲಿ ಒಬ್ಬ ಓದಿದ್ದ. '40 ದಾಟಿದ ಬಿಸಿಯಲ್ಲಿ ಗಂಟೆಗಟ್ಟಲೆ' ಅನ್ನುವಲ್ಲಿ ಮೈದುನನ ಕಣ್ಣು ನಿಂತಿತ್ತು.

"ಮಾಮಾ, ಹೋದ ಬೇಸಿಗೆ ಕಲಬುರಗಿಗೆ ಬಂದ ನನ್ನ ಡಬ್ಬಿ ಎಲ್ಲಿತ್ತು? ನೀವೇ ಹೇಳುತ್ತೀರೋ, ನಾನು ಹೇಳಲೋ?"

ಮಾಮಾನಿಂದ ಟೈಪಿಂಗ್, ನಿಂತಿತು, ಮತ್ತೆ ಟೈಪಿಂಗ್.

ಮೈದುನನೇ ಹೇಳಿದ. ನೂರು ಮೊಟ್ಟೆ. ಬೆಳಿಗ್ಗೆ ಡಬ್ಬಿ ಬಿಡಿಸಿಕೊಂಡು ಯಾದಗಿರಿ ಬಸ್ಸಿಗೆ ಹಾಕುತ್ತೇನೆ ಅಂದಿದ್ದವರು ಮಾಮಾ. ದಾರಿಯಲ್ಲಿ ಒಂದು ಮದುವೆ ಇತ್ತು. ಕಾರು ಕಲ್ಯಾಣ ಮಂಟಪದ ಹೊರಗೆ, ಡಬ್ಬಿ ಕಾರಿನ ಹಿಂದಿನ ಸೀಟಿನಲ್ಲಿ, ಗಾಜು ಏರಿಸಿ. ಮಾಮಾ ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು ಹೊರಬಂದಾಗ ಸಂಜೆ ನಾಲ್ಕು.

"ಅವು ಬಂದಾಗಲೇ ಕೆಟ್ಟಿದ್ದವು!"

"ತೆರೆದು ನೋಡಿದ್ದಿರಾ?"

"ಮಷೀನ್‌ಗೆ ನಾಲ್ಕು ಸಾವಿರ ಕೊಟ್ಟವನು ನಾನು. ನನಗೇ ಪ್ರಶ್ನೆ!"

ನಾಲ್ಕು ಸಾವಿರದ ಮಾತು ಈ ಗುಂಪಿನಲ್ಲಿ ಬಂದದ್ದು ಇದೇ ಮೊದಲು. ಅತ್ತೆ ಥಟ್ಟನೆ ಕೇಳಿದರು: "ದುಡ್ಡು ಇಸಿದುಕೊಂಡಿದ್ದಾನಾ? ನಮಗೆ ಯಾರೂ ಹೇಳಲೇ ಇಲ್ಲ." ಅದು ನನಗೆ ಕೇಳಿದ ಪ್ರಶ್ನೆ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ನಾನು ಚಹಾ ಇಡಲು ಎದ್ದೆ.

ನನ್ನ ಲೆಕ್ಕ ಇಷ್ಟೇ. ಮೊಟ್ಟೆ ದಾರಿಯಲ್ಲೇ ಅರ್ಧ ಸೋತಿರಬಹುದು. ಮೇ ತಿಂಗಳಲ್ಲಿ ದೂರದಿಂದ ತರಿಸಿದ್ದೇ ಮೈದುನನ ದುಡುಕು. ಆದರೆ ಮುಚ್ಚಿದ ಕಾರಿನ ಒಳಗೆ ಬಿಸಿ ಹೊರಗಿಗಿಂತ ಎಷ್ಟೋ ಜಾಸ್ತಿ. ಉಳಿದ ಅರ್ಧಕ್ಕೆ ಮಾಮಾನೇ ಹೊಣೆ. ಇದನ್ನು ಗುಂಪಿನಲ್ಲಿ ಬರೆಯುವ ಸೊಸೆ ಇನ್ನೂ ಹುಟ್ಟಿಲ್ಲ.

ಚಹಾ ಹಿಡಿದು ಬಂದು ನೋಡಿದರೆ ಮೈದುನ ಗುಂಪು ಬಿಟ್ಟಿದ್ದ. ಕಾಕಾ ತಾಳ್ಮೆಯ ಬಗ್ಗೆ ಇನ್ನೊಂದು ವಚನ ಹಾಕಿದ್ದರು. ಪುಣೆಯವನು ಸ್ವೆಟರ್ ಇರುವ ಫ್ರೇಮ್ ಕತ್ತರಿಸಿ, ಕೆಂಪು ವೃತ್ತ ಎಳೆದು ಹಾಕಿದ್ದ. ಅದನ್ನು ಯಾರೂ ತೆರೆದಂತಿರಲಿಲ್ಲ.

ರಾತ್ರಿ ಮೈದುನನಿಗೆ ಫೋನ್ ಮಾಡಿ, ಒಪ್ಪಿಸಿ, ಮತ್ತೆ ಸೇರಿಸಿದೆ. ಆಮೇಲೆ ಅವನು ನನಗೊಬ್ಬಳಿಗೇ ಬರೆದ: "ವೈನಿ, ಬೀದರ್ ಹುಡುಗಿಯ ಮೆಸೇಜ್ ಕಳಿಸ್ರಿ, ಹುಡುಕಿದರೆ ಸಿಗುತ್ತಿಲ್ಲ. ಡಿಸೆಂಬರ್‌ನಲ್ಲಿ ಮತ್ತೆ ನೋಡುತ್ತೇನೆ, ಈ ಸಲ ನಾನೇ ಹೋಗಿ ತರುತ್ತೇನೆ. ಮಷೀನ್ ಮಾಮಾನ ಮನೆಯಲ್ಲೇ ಇದೆ, ಕೇಳಿ ಇಸಿದುಕೊಡ್ರಿ. ನಾಲ್ಕು ಸಾವಿರ ಮಾತ್ರ ಕೇಳಬೇಡಿ ಅನ್ರಿ."