ವ್ಲಾದಿಮಿರ್ ಸುತೇಯೆವ್ ಮೊದಲು ಸಿನಿಮಾದವರಾ, ಕಥೆಗಾರರಾ?

ಪುಟ್ಟಿಯಮ್ಮ:
ಮಗಳಿಗೆ ರಷ್ಯದ ಮಕ್ಕಳ ಕಥೆಗಾರ ಸುತೇಯೆವ್ ಅವರ ಕಥೆಗಳನ್ನು ಇಂಗ್ಲಿಷ್ ಪುಸ್ತಕ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಿದ್ದೇನೆ. ಕಥೆ, ಚಿತ್ರ ಎರಡೂ ಅವರದ್ದೇ. ಮಾತು ತುಂಬಾ ಕಡಿಮೆ, ಆದರೂ ಎಲ್ಲೂ ಏನೂ ಬಿಟ್ಟುಹೋದ ಹಾಗೆ ಅನಿಸುವುದಿಲ್ಲ. ಇವರು ಸಿನಿಮಾಗೂ ಬರೆದಿದ್ದಾರಂತೆ. ಗೊತ್ತಿರುವವರು ಸ್ವಲ್ಪ ಹೇಳಿ.

ಹಳೇಪುಸ್ತಕ:
ಮೊದಲು ಸಿನಿಮಾ. ಹುಟ್ಟಿದ್ದು 1903ರಲ್ಲಿ, ಮಾಸ್ಕೋದಲ್ಲಿ. ಅಲ್ಲಿನ ಸಿನಿಮಾ ಶಾಲೆಯಲ್ಲಿ ಕಲಿಯುತ್ತಿರುವಾಗಲೇ, 1925ರಲ್ಲಿ, ಚೀನಾ ಬಗ್ಗೆ ತಯಾರಾದ ಕಾರ್ಟೂನ್ ಚಿತ್ರವೊಂದಕ್ಕೆ ಕೆಲಸ ಮಾಡಿದರು. ಸೋವಿಯತ್ ಕಾರ್ಟೂನ್ ಚಿತ್ರಗಳು ಆಗಷ್ಟೇ ಶುರುವಾಗಿದ್ದವು. ಆಮೇಲೆ ಕಾರ್ಟೂನ್ ಚಿತ್ರ ಮಾಡುವ ಸೋಯುಜ್‌ಮುಲ್ತ್‌ಫಿಲ್ಮ್ ಸ್ಟುಡಿಯೋ ಸೇರಿದರು, 1941ರಲ್ಲಿ ಯುದ್ಧಕ್ಕೆ ಹೋದರು. ಮಕ್ಕಳ ಪುಸ್ತಕಗಳ ಕಡೆ ಪೂರ್ತಿ ಬಂದಿದ್ದು ಯುದ್ಧ ಮುಗಿದ ಮೇಲೆ, ಅವರದೇ ಕಥೆಗಳ ಮೊದಲ ಪುಸ್ತಕ ಬಂದಾಗ ವಯಸ್ಸು ಐವತ್ತರ ಹತ್ತಿರ!

ನನಗೆ ಅನಿಸುವುದು, ಆ ಕಥೆಗಳ ಗುಟ್ಟು ಇಲ್ಲೇ ಇದೆ. ಅಣಬೆ ಕಥೆಯನ್ನೇ ನೋಡಿ. ಮಳೆಗೆ ಇರುವೆ ಒಂದು ಪುಟ್ಟ ಅಣಬೆ ಕೆಳಗೆ ನಿಲ್ಲುತ್ತದೆ, ಆಮೇಲೆ ಚಿಟ್ಟೆ, ಇಲಿ, ಗುಬ್ಬಚ್ಚಿ, ಕೊನೆಗೆ ಮೊಲ, ಎಲ್ಲರಿಗೂ ಜಾಗ ಸಿಗುತ್ತದೆ. ಮಳೆಗೆ ಅಣಬೆ ಬೆಳೆಯುತ್ತಿದೆ ಅಂತ ಅವರು ಮೊದಲೇ ಬಾಯಿಬಿಟ್ಟು ಹೇಳುವುದಿಲ್ಲ, ಚಿತ್ರದಲ್ಲಿ ಅದು ದೊಡ್ಡದಾಗುತ್ತಾ ಹೋಗುತ್ತದೆ ಅಷ್ಟೆ. ಮಗು ತಾನೇ ಕಂಡುಹಿಡಿಯಬೇಕು. ವರ್ಷಗಟ್ಟಲೆ ಒಂದೊಂದೇ ಚಿತ್ರ ಬರೆದು ಕಥೆ ಓಡಿಸಿದವರಿಗೇ ಇದು ಬರುವುದು ಅಲ್ವಾ?

ಚಿತ್ರಪಟ:
ಪುಟ್ಟಿಯಮ್ಮ ಅವರೇ, 1955ರ ‘ಹಿಮಮನುಷ್ಯ ಅಂಚೆಯವ’ ಕಾರ್ಟೂನ್ ಚಿತ್ರ ಹಾಕಿ ತೋರಿಸಿ. ಚಿತ್ರಕಥೆ ಸುತೇಯೆವ್, ನಿರ್ದೇಶನ ಲಿಯೊನಿದ್ ಅಮಾಲ್ರಿಕ್. ಹೊಸ ವರ್ಷಕ್ಕೆ ಕ್ರಿಸ್ಮಸ್ ಮರ ಬೇಕು ಅಂತ ಮಕ್ಕಳು ಹಿಮತಾತನಿಗೆ (ಸಾಂಟಾ ತರಹದ ರಷ್ಯದ ಅಜ್ಜ) ಕಾಗದ ಬರೆದು, ತಾವೇ ಮಾಡಿದ ಹಿಮದ ಮನುಷ್ಯನ ಕೈಯಲ್ಲಿ ಕಳಿಸುತ್ತಾರೆ. ಜೊತೆಗೆ ಒಂದು ನಾಯಿಮರಿ. ಕಾಡಿನಲ್ಲಿ ನರಿ, ತೋಳ, ಗೂಬೆ ಕಾಗದ ಕಿತ್ತುಕೊಳ್ಳೋಕೆ ನೋಡುತ್ತವೆ. ಭಾಷೆ ಬಾರದಿದ್ದರೂ ಮಕ್ಕಳಿಗೆ ಅರ್ಥವಾಗುತ್ತದೆ.

ಹಳೇಪುಸ್ತಕ:
ಸೇಬಿನ ಚೀಲದ ಕಥೆಯೂ 1974ರಲ್ಲಿ ಸಿನಿಮಾ ಆಯಿತು, ಅದಕ್ಕೂ ಅವರೇ ಬರೆದರು. ಅಪ್ಪ ಮೊಲ ಮನೆಗೆ ಅಂತ ಕಿತ್ತ ಸೇಬನ್ನೆಲ್ಲಾ ದಾರಿಯಲ್ಲಿ ಕೇಳಿದವರಿಗೆ ಕೊಟ್ಟುಬಿಡುತ್ತದೆ. ನನಗೆ ಅಣಬೆಗಿಂತ ಇದೇ ಜಾಸ್ತಿ ಇಷ್ಟ. ಮೊದಲು ಪುಸ್ತಕ ಓದಿ ಹೇಳಿ, ಸಿನಿಮಾ ಆಮೇಲೆ ತೋರಿಸಿ.