ಅಪ್‌ಡೇಟ್: ಲಂಡನ್–ನ್ಯೂಯಾರ್ಕ್ ದೂರದ ಲೆಕ್ಕ ಸರಿಹೋಯ್ತು

ಲಂಡನ್‌ನ ಹೀಥ್ರೋ ವಿಮಾನ ನಿಲ್ದಾಣದಿಂದ ನ್ಯೂಯಾರ್ಕ್‌ನ ಜೆಎಫ್‌ಕೆ ನಿಲ್ದಾಣಕ್ಕೆ ನನ್ನ ಸ್ಪ್ರೆಡ್‌ಶೀಟ್ 8,200 ಕಿ.ಮೀ. ತೋರಿಸುತ್ತಿದೆ, ಎಲ್ಲಿ ತಪ್ಪಿದೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ತಪ್ಪು ಸಿಕ್ಕಿತು. ಅಕ್ಷಾಂಶ, ರೇಖಾಂಶಗಳ ವ್ಯತ್ಯಾಸ ತೆಗೆದು, ಪೈಥಾಗೊರಸ್ ಸೂತ್ರ ಹಾಕಿ, ಡಿಗ್ರಿಗೆ 111 ಕಿ.ಮೀ.ನಂತೆ ಗುಣಿಸಿದ್ದೆ. ಆದರೆ ರೇಖಾಂಶದ ಒಂದು ಡಿಗ್ರಿ 111 ಕಿ.ಮೀ. ಇರೋದು ಸಮಭಾಜಕದಲ್ಲಿ ಮಾತ್ರ; 60 ಡಿಗ್ರಿ ಅಕ್ಷಾಂಶಕ್ಕೆ ಹೋದರೆ ಅದರ ಅರ್ಧ!

ಹಾಗಾಗಿ ಗೋಳದ ಮೇಲಿನ ಎರಡು ಸ್ಥಳಗಳ ನಡುವಿನ ದೂರ ಕೊಡುವ ಹ್ಯಾವರ್‌ಸೈನ್ ಸೂತ್ರಕ್ಕೆ ಭೂಮಿಯ ತ್ರಿಜ್ಯ 6,371 ಕಿ.ಮೀ. ಕೊಟ್ಟೆ. ಮೊದಲು ಅಸಂಬದ್ಧ ಸಂಖ್ಯೆ ಬಂತು. ಸೈನ್, ಕೊಸೈನ್‌ಗಳಿಗೆ ಡಿಗ್ರಿಯನ್ನು ರೇಡಿಯನ್ (ಕೋನದ ಇನ್ನೊಂದು ಅಳತೆ) ಮಾಡಿ ಕೊಡಬೇಕು, ಅದನ್ನೇ ಬಿಟ್ಟಿದ್ದೆ. ತಿದ್ದಿದ ಮೇಲೆ ಸುಮಾರು 5,540 ಕಿ.ಮೀ. ಆ ಸಂಖ್ಯೆ ಕಂಡಾಗ ಆದ ಖುಷಿ ಹೇಳತೀರದು.

ಸಮಯದ ವಿಷಯ: ಗಂಟೆಗೆ 900 ಕಿ.ಮೀ.ನಿಂದ ಭಾಗಿಸಿದರೆ ಆರು ಗಂಟೆ ಚಿಲ್ಲರೆ. ವೇಳಾಪಟ್ಟಿಯಲ್ಲಿ ಸುಮಾರು ಎಂಟು ಗಂಟೆ, ಯಾಕಂದ್ರೆ ಅದರಲ್ಲಿ ಗೇಟ್ ಬಿಟ್ಟು ಗೇಟ್ ಸೇರುವವರೆಗಿನ ಅವಧಿ ಇರುತ್ತೆ, ಜೊತೆಗೆ ಪಶ್ಚಿಮಕ್ಕೆ ಹೋಗುವಾಗ ಜೆಟ್ ಸ್ಟ್ರೀಮ್ (ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಲವಾದ ಗಾಳಿ) ಎದುರು ಬೀಸುತ್ತೆ. ವಾಪಸ್ ಬರುವಾಗ ಅದೇ ಗಾಳಿ ಹಿಂದಿನಿಂದ ತಳ್ಳೋದರಿಂದ ಸುಮಾರು ಏಳೇ ಗಂಟೆ. ಹಾಗಾಗಿ ಹೋಗೋದಕ್ಕೂ ಬರೋದಕ್ಕೂ ಬೇರೆ ಬೇರೆ ಕಾಲಂ ಇಟ್ಟಿದ್ದೇನೆ. ಅವಧಿ ಲೆಕ್ಕ ಹಾಕುವಾಗ ಎರಡೂ ಕಡೆಯ ಸ್ಥಳೀಯ ಸಮಯವನ್ನು ಯುಟಿಸಿಗೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯ) ತಂದ ಮೇಲೇ ಕಳೆಯುತ್ತೇನೆ.